‘ಫೋಟೋ ತಗಿಯೋದು ಕಣ್ಣು’ ಎಂಬ ಸೋಮಾರಿ ಮಾತು

ಹಾವೇರಿ ಜಿಲ್ಲೆಯಲ್ಲಿ ಕ್ಯಾಮೆರಾ ಹಿಡಿದವರ ನಡುವೆ ಒಂದು ಮಾತು ಬಹಳ ಕಾಲದಿಂದ ಚಲಾವಣೆಯಲ್ಲಿದೆ. ‘ಲೆನ್ಸಿನ ಮ್ಯಾಗ ಬರದಿದ್ದು ಕಂಪನಿಯವರಿಗೆ, ನಮಗಲ್ಲ. ಫೋಟೋ ತಗಿಯೋದು ಕಣ್ಣು.’ ಮದುವೆ ಫೋಟೋ ಹೊಡೆಯುವ ಹುಡುಗರು ಇದನ್ನು ಹೇಳುತ್ತಾರೆ, ಅವರಿಗೆ ಕೆಲಸ ಕಲಿಸಿದ ಸ್ಟುಡಿಯೋ ಮಾಲೀಕರೂ ಹೇಳುತ್ತಾರೆ, ಭಾನುವಾರ ಬೆಳಿಗ್ಗೆ ಕೃಷ್ಣಮೃಗ ನೋಡಲು ಹೊರಡುವ ಹವ್ಯಾಸಿಗಳಂತೂ ಜೋರಾಗಿ ಹೇಳುತ್ತಾರೆ. ಮೊಬೈಲ್ ಬಂದ ಮೇಲೆ ಇದಕ್ಕೊಂದು ಬಾಲ ಸೇರಿಕೊಂಡಿದೆ: ‘ಈಗ ಎಲ್ಲಾ ಅದ ನೋಡ್ಕೊಂತೈತಿ.’ ಕೇಳುವವರಿಗೆ ಇದು ಕಲೆಯ ಪರವಾದ ಮಾತಿನಂತೆ ಕೇಳಿಸುತ್ತದೆ. ನನ್ನ ಪ್ರಕಾರ ಇದು ತಪ್ಪು, ದಿನದಿನವೂ ಹಾನಿ ಮಾಡುತ್ತಿರುವ ತಪ್ಪು. ಮದುವೆ ಮಾಡಿದವರ ದುಡ್ಡು ಇದರಿಂದ ಹಾಳಾಗುತ್ತದೆ, ಸಾಲ ಮಾಡಿ ಲೆನ್ಸ್ ಕೊಂಡ ಹುಡುಗ ಇದರಿಂದ ಮೋಸ ಹೋಗುತ್ತಾನೆ, ಕಾಡಿನ ಪ್ರಾಣಿಗೂ ಇದರಿಂದ ನೆಮ್ಮದಿ ಇಲ್ಲ.

ಕ್ಯಾಮೆರಾ ಡಬ್ಬಿಯಲ್ಲೇ ಬರುವ ಕಿಟ್ ಲೆನ್ಸನ್ನು ತೆಗೆದುಕೊಳ್ಳಿ. ಮುಂದಿನ ಗಾಜಿನ ಸುತ್ತ, ಕರೀ ಬಳೆಯ ಮೇಲೆ ಸಣ್ಣ ಬಿಳಿ ಅಕ್ಷರಗಳಲ್ಲಿ 18-55 ಎಂಎಂ, ಅದರ ಪಕ್ಕದಲ್ಲಿ 1:3.5-5.6, ಇನ್ನೊಂದು ಕಡೆ ಅಡ್ಡಗೀಟು ಎಳೆದ ಸೊನ್ನೆಯ ಪಕ್ಕದಲ್ಲಿ 58 ಎಂದಿರುತ್ತದೆ. ಕ್ಯಾಮೆರಾ ಮಾರಾಟದ ಇಡೀ ವ್ಯವಹಾರದಲ್ಲಿ ಜಾಹೀರಾತಿನ ಬಣ್ಣ ಹತ್ತದ ಬರಹ ಯಾವುದಾದರೂ ಇದ್ದರೆ ಅದು ಇದೇ. ಡಬ್ಬಿಯ ಮೇಲೆ ‘ಪ್ರೊಫೆಷನಲ್’ ಎಂದು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಬಳೆಯ ಮೇಲಿನದು ಅಳತೆ. ಅದನ್ನು ಓದಬೇಡಿ ಎನ್ನುವವರು, ಗೊತ್ತಿದ್ದೋ ಗೊತ್ತಿಲ್ಲದೆಯೋ, ಡಬ್ಬಿಯ ಬರಹವನ್ನೇ ನಂಬಿ ಎಂದು ಹೇಳಿದಂತಾಯಿತು.

ಎರಡನೇ ಅಂಕಿಯಿಂದ ಶುರು ಮಾಡುತ್ತೇನೆ, ಏಕೆಂದರೆ ಜನರ ದುಡ್ಡು ಹೋಗುವುದು ಅಲ್ಲಿಯೇ. 1:3.5-5.6 ಎಂದರೆ ಲೆನ್ಸಿನ ಕಿಂಡಿ ಎಷ್ಟು ಅಗಲ ತೆರೆಯಬಲ್ಲದು ಎಂಬ ಲೆಕ್ಕ. ಎಂಎಂನಲ್ಲಿ ಬರೆದ ಮೊದಲನೇ ಅಂಕಿ ಫೋಕಲ್ ಲೆಂಗ್ತ್, ಅಂದರೆ ಸಂಗಮದೂರ. ಅದನ್ನು ಈ ಅಂಕಿಯಿಂದ ಭಾಗಿಸಿದರೆ ಕಿಂಡಿಯ ಅಗಲ ಸಿಗುತ್ತದೆ. 55 ಎಂಎಂಗೆ ತಿರುಗಿಸಿದಾಗ ಈ ಲೆನ್ಸಿನ ಕಿಂಡಿ 55ನ್ನು 5.6ರಿಂದ ಭಾಗಿಸಿದಷ್ಟು, ಅಂದರೆ ಹತ್ತು ಮಿಲಿಮೀಟರಿಗೂ ತುಸು ಕಡಿಮೆ. 50 ಎಂಎಂ 1:1.8 ಎಂಬ ಸಣ್ಣ, ಅಗ್ಗದ ಲೆನ್ಸಿನ ಕಿಂಡಿ ಸುಮಾರು 28 ಮಿಲಿಮೀಟರ್. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 1.4, 2, 2.8, 4, 5.6, 8 ಎಂಬ ಸಾಲಿನಲ್ಲಿ ಒಂದೊಂದು ಹೆಜ್ಜೆ ಮುಂದೆ ಹೋದಾಗಲೂ ಒಳಗೆ ಬರುವ ಬೆಳಕು ಅರ್ಧಕ್ಕರ್ಧ ಇಳಿಯುತ್ತದೆ. 1.8ಕ್ಕೂ 5.6ಕ್ಕೂ ನಡುವೆ ಬೆಳಕಿನ ವ್ಯತ್ಯಾಸ ಹೆಚ್ಚುಕಡಿಮೆ ಹತ್ತು ಪಟ್ಟು.

ಈ ಹತ್ತು ಪಟ್ಟು ಎಂಬುದು ಕಾಗದದ ಮೇಲಿನ ಲೆಕ್ಕ ಎಂದುಕೊಳ್ಳಬೇಡಿ. ನಮ್ಮ ಕಡೆಯ ಕಲ್ಯಾಣಮಂಟಪದ ಒಳಗೆ ಬೆಳಕು ಹೇಗಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಮೇಲೆ ಹಳದಿ ದೀಪ, ಹಿಂದೆ ಬಣ್ಣದ ಎಲ್‌ಇಡಿ ಪರದೆ, ವಧೂವರರ ಮುಖದ ಮೇಲೆ ವಿಡಿಯೋದವರು ಹಾಕಿದ ದೀಪವೊಂದೇ ಆಸರೆ. ಅಕ್ಕಿಕಾಳು ಬೀಳುವುದು ಕೆಲವೇ ಕ್ಷಣ. ಕಿಟ್ ಲೆನ್ಸಿನಲ್ಲಿ 5.6ಕ್ಕೆ ಸೆಕೆಂಡಿನ ಐವತ್ತನೇ ಒಂದು ಪಾಲು ಸಿಗುವ ಜಾಗದಲ್ಲಿ, 1.8ರಲ್ಲಿ ಐನೂರನೇ ಒಂದು ಪಾಲು ಸಿಗುತ್ತದೆ. ಮೊದಲನೆಯದರಲ್ಲಿ ಅಕ್ಕಿಕಾಳು ಬಿಳೀ ಗೆರೆಗಳಾಗಿ, ತಲೆ ತಗ್ಗಿಸಿದ ಮದುಮಗಳ ಮುಖ ಕಲಸಿದಂತಾಗಿ ಬರುತ್ತದೆ. ಎರಡನೆಯದರಲ್ಲಿ ಕಾಳು ಕಾಳಾಗಿಯೇ ನಿಲ್ಲುತ್ತದೆ. 1.8ರಲ್ಲಿ ಫೋಕಸ್ಸಿನ ಆಳ ತೆಳುವಾಗುತ್ತದೆ, ಮದುಮಗ ಒಂದು ಹೆಜ್ಜೆ ಹಿಂದೆ ನಿಂತಿದ್ದರೆ ಅವನು ಮಂಕಾಗುತ್ತಾನೆ, ಅದೂ ನಿಜ. ಅದಕ್ಕೇ 2.8ಕ್ಕೆ ಇಳಿಸಬೇಕು ಎಂದು ಗೊತ್ತಿರಬೇಕು. ಅಂಕಿ ಓದಿದವನು ಇದನ್ನು ಮಂಟಪಕ್ಕೆ ಕಾಲಿಡುವ ಮೊದಲೇ ಯೋಚಿಸಿರುತ್ತಾನೆ. ಓದದವನು ಆಟೋದಲ್ಲಿಟ್ಟು ಹೊಡೆದು, ರಾತ್ರಿ ಕಂಪ್ಯೂಟರಿನಲ್ಲಿ ಮುಖ ಉಜ್ಜಿ ನಯ ಮಾಡಿ, ಹಿಂದೆ ಗುಲಾಬಿ ಹೂ ಅಂಟಿಸಿ ಆಲ್ಬಂ ಕೊಡುತ್ತಾನೆ. ಅಂಥ ಆಲ್ಬಂಗಳಲ್ಲಿ ಅಜ್ಜಿಯ ಕೆನ್ನೆಯ ಸುಕ್ಕು ಸಹ ಉಳಿದಿರುವುದಿಲ್ಲ. ಆ ಅಜ್ಜಿಯ ಬೇರೆ ಫೋಟೋ ಆ ಮನೆಯಲ್ಲಿ ಇರಲಿಕ್ಕಿಲ್ಲ ಎಂಬುದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಫೋಟೋ ಹಿಡಿಸುವವರೂ ಕೇಳಬೇಕಾದದ್ದನ್ನು ಕೇಳುವುದಿಲ್ಲ. ಎಷ್ಟು ಕ್ಯಾಮೆರಾ ತರ್ತೀರಿ, ಡ್ರೋನ್ ಐತೇನು, ಆಲ್ಬಮ್ಮಿನ ಹಾಳಿ ಎಷ್ಟು ದಪ್ಪ ಎಂದು ಕೇಳುತ್ತಾರೆ. ಆ ಕ್ಯಾಮೆರಾಗಳ ಮೂತಿಗೆ ಯಾವ ಲೆನ್ಸ್ ಇದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಇನ್ನು ಆ ಅಡ್ಡಗೀಟಿನ ಸೊನ್ನೆ. ಅದು ಮುಂದೆ ತಿರುಗಿಸಿ ಕೂಡಿಸುವ ಫಿಲ್ಟರಿನ ಅಳತೆ, ಅಷ್ಟೇ. 58 ಎಂದರೆ 58 ಮಿಲಿಮೀಟರ್ ಫಿಲ್ಟರ್ ಬೇಕು ಎಂದರ್ಥ. ಇದನ್ನು ಓದಲು ಬಾರದೆ ‘58ರ ಲೆನ್ಸ್’, ‘77ರ ಲೆನ್ಸ್’ ಎಂದು ಜೂಮಿನ ಲೆಕ್ಕದಲ್ಲಿ ಮಾತಾಡುವವರು ಇದ್ದಾರೆ. ಎರಡನೇ ಕೈ ಲೆನ್ಸ್ ಕೊಳ್ಳುವಾಗ ಇದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಹಿಂಬದಿಯಲ್ಲಿ. ಕ್ಯಾನನ್ನಿನ ಡಿಎಸ್‌ಎಲ್‌ಆರ್ ಲೆನ್ಸಿನ ಬುಡದಲ್ಲಿ ಕೆಂಪು ಚುಕ್ಕೆ ಇದ್ದರೆ ಒಂದು ಜಾತಿ, ಬಿಳೀ ಚೌಕ ಇದ್ದರೆ ಇನ್ನೊಂದು. ಬಿಳೀ ಚೌಕದ್ದು ಸಣ್ಣ ಸೆನ್ಸರಿನ ಕ್ಯಾಮೆರಾಕ್ಕೆ ಮಾತ್ರ. ಅದೇ ಕಂಪನಿಯ ದೊಡ್ಡ ಸೆನ್ಸರಿನ, ಅಂದರೆ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಅದು ಕೂರುವುದೇ ಇಲ್ಲ. ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಕೊರಿಯರಿನಲ್ಲಿ ತರಿಸಿಕೊಂಡು, ಡಬ್ಬಿ ಬಿಚ್ಚಿದ ಮೇಲೆ ತಲೆ ಮೇಲೆ ಕೈ ಹೊತ್ತು ಕೂರುವ ಹುಡುಗನ ‘ಕಣ್ಣು’ ಎಷ್ಟು ಚೆನ್ನಾಗಿದ್ದರೇನು, ಅವನ ದುಡ್ಡು ಹೋಯಿತು.

ಐಎಸ್, ವಿಆರ್, ಓಎಸ್‌ಎಸ್ ಎಂಬ ಅಕ್ಷರಗಳ ಬಗ್ಗೆ ಹಬ್ಬಿರುವ ನಂಬಿಕೆ ಇನ್ನೂ ಅಪಾಯದ್ದು. ಕ್ಯಾನನ್, ನಿಕಾನ್, ಸೋನಿ ಬೇರೆಬೇರೆ ಹೆಸರಿಟ್ಟರೂ ಮೂರರ ಕೆಲಸ ಒಂದೇ: ಹಿಡಿದ ಕೈ ಅಲುಗಿದರೆ ಒಳಗಿನ ಗಾಜನ್ನು ಸರಿಸಿ ಆ ಅಲುಗಾಟವನ್ನು ತಗ್ಗಿಸುವುದು. ‘ಐಎಸ್ ಐತ್ರಿ, ಏನೂ ಅಲುಗೂದಿಲ್ಲ’ ಎಂದು ಮಾರುತ್ತಾರೆ. ಅಲುಗದಿರುವುದು ನಮ್ಮ ಕೈ ಮಾತ್ರ. ಎದುರಿಗೆ ಓಡುವ ಹೋರಿಗೆ ನಮ್ಮ ಲೆನ್ಸಿನ ಐಎಸ್ ಗೊತ್ತಿಲ್ಲ. ದೀಪಾವಳಿಯ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ಹೋರಿ ಬೆದರಿಸುವ ಹಬ್ಬ ಶುರುವಾಗುತ್ತದೆ. ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ರಿಬ್ಬನ್ನು, ಬಲೂನು ಕಟ್ಟಿಸಿಕೊಂಡ ಹೋರಿ ಜನರ ನಡುವೆ ನುಗ್ಗುತ್ತದೆ. ಅದು ಸೆಕೆಂಡಿಗೆ ಎಂಟು ಮೀಟರ್ ಓಡಿತು ಎಂದಿಟ್ಟುಕೊಳ್ಳಿ. ಸೆಕೆಂಡಿನ ಅರವತ್ತನೇ ಒಂದು ಪಾಲಿನಲ್ಲಿ ಅದು 13 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಸಾವಿರದ ಒಂದು ಪಾಲಿನಲ್ಲಿ ಎಂಟೇ ಮಿಲಿಮೀಟರ್. ಐಎಸ್ ಈ 13 ಸೆಂಟಿಮೀಟರನ್ನು ಹಿಂದಕ್ಕೆ ತರಲಾರದು. ಅದಕ್ಕೆ ಬೇಕಾದದ್ದು ವೇಗದ ಶಟರ್, ಅದಕ್ಕೆ ಬೇಕಾದದ್ದು ಬೆಳಕು, ಮತ್ತೆ ನಾವು ಬಂದು ನಿಲ್ಲುವುದು ಅದೇ ಎರಡನೇ ಅಂಕಿಯ ಮುಂದೆ.

ಹಬ್ಬದ ದಿನ ಇದರ ಫಲ ಕಣ್ಣಿಗೆ ಕಾಣುತ್ತದೆ. 55ರಲ್ಲಿ ಹೋರಿ ಚಿಕ್ಕದಾಗಿ ಕಾಣುತ್ತದೆಂದು ಹುಡುಗರು ಒಂದೊಂದೇ ಹೆಜ್ಜೆ ಮುಂದಿಡುತ್ತಾ ಅಖಾಡದ ಒಳಗೇ ಇಳಿದುಬಿಡುತ್ತಾರೆ. ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟವನಿಗೆ ಪಕ್ಕದಿಂದ ಬರುವ ಇನ್ನೊಂದು ಹೋರಿ ಕಾಣುವುದಿಲ್ಲ. ಈ ಹಬ್ಬದಲ್ಲಿ ತಿವಿಸಿಕೊಂಡು ಸತ್ತವರಿದ್ದಾರೆ, ಬರೀ ನೋಡಲು ನಿಂತವರೂ ಅವರಲ್ಲಿದ್ದಾರೆ. 200 ಎಂಎಂ ಇದ್ದವನು ಬೇಲಿಯ ಆಚೆಯೇ ನಿಲ್ಲಬಹುದು. 55 ಇದ್ದವನೂ ಬೇಲಿಯ ಆಚೆಯೇ ನಿಲ್ಲಬೇಕು, ನಿಂತು ಜನ, ಧೂಳು, ಹೋರಿ ಎಲ್ಲವೂ ಸೇರಿದ ಅಗಲದ ಚಿತ್ರ ತೆಗೆಯಬೇಕು. ಯಾವ ಲೆನ್ಸಿಗೆ ಯಾವ ದೂರ ಎಂದು ಮೊದಲೇ ಗೊತ್ತಿದ್ದರೆ ಮೈ ಮರೆಯುವ ಸಂದರ್ಭವೇ ಬರುವುದಿಲ್ಲ.

ರಾಣೆಬೆನ್ನೂರಿನ ವಿಷಯದಲ್ಲಿ ಮಾತ್ರ ನಾನು ಯಾರಿಗೂ ರಿಯಾಯಿತಿ ಕೊಡಲಾರೆ. 1974ರಲ್ಲಿ ಘೋಷಣೆಯಾದ ಕೃಷ್ಣಮೃಗ ಅಭಯಾರಣ್ಯ ಅದು, ವಿಸ್ತೀರ್ಣ 119 ಚದರ ಕಿಲೋಮೀಟರ್. ಎರೆಭೂತ ಹಕ್ಕಿಗೂ ಒಂದು ಕಾಲಕ್ಕೆ ಹೆಸರಾಗಿದ್ದ ಜಾಗ. ಅಲ್ಲಿಗೆ 300 ಎಂಎಂ ಲೆನ್ಸ್ ಹಿಡಿದು ಹೋಗುವವರಿಗೆ ಅಂಗಡಿಯಲ್ಲಿ ಒಂದು ಮಾತು ಹೇಳಿ ಕಳಿಸಿರುತ್ತಾರೆ: ‘ನಿಮ್ಮ ಕ್ಯಾಮೆರಾದಾಗ ಇದು 450 ಆಗತೈತ್ರಿ.’ ಇದು ಆಗುವುದಿಲ್ಲ. ಯಾವ ಕ್ಯಾಮೆರಾಕ್ಕೆ ಹಾಕಿದರೂ 300 ಎಂಬುದು 300ಯೇ. ಲೆಕ್ಕ ಹತ್ತನೇ ತರಗತಿಯದು. ಕೃಷ್ಣಮೃಗದ ಮೈ ಉದ್ದ ಸುಮಾರು 1.2 ಮೀಟರ್. ಅದು ನೂರು ಮೀಟರ್ ದೂರದಲ್ಲಿದ್ದರೆ 300 ಎಂಎಂ ಲೆನ್ಸ್ ಸೆನ್ಸರಿನ ಮೇಲೆ ಮೂಡಿಸುವ ಮೃಗದ ಉದ್ದ 3.6 ಮಿಲಿಮೀಟರ್. ಫುಲ್ ಫ್ರೇಮಿನಲ್ಲೂ 3.6, ಸಣ್ಣ ಸೆನ್ಸರಿನಲ್ಲೂ 3.6. ಮೊದಲನೆಯದು 36 ಮಿಲಿಮೀಟರ್ ಅಗಲ, ಎರಡನೆಯದು 23 ಚಿಲ್ಲರೆ. ಸಣ್ಣ ಸೆನ್ಸರ್ ಸುತ್ತಲಿನದನ್ನು ಕತ್ತರಿಸಿ ಹಾಕುತ್ತದೆ, ಆದ್ದರಿಂದ ಮೃಗ ದೊಡ್ಡದಾದಂತೆ ತೋರುತ್ತದೆ. ಒಂದೂವರೆ ಪಟ್ಟಿನ ಆ ಗುಣಾಕಾರ ನೋಟದ ಅಗಲವನ್ನು ಹೋಲಿಸಲಿಕ್ಕೆ ಇರುವುದು, ಲೆನ್ಸನ್ನು ಉದ್ದ ಮಾಡಲಿಕ್ಕಲ್ಲ.

ಈ ಲೆಕ್ಕ ಗೊತ್ತಿದ್ದವನಿಗೆ ಮನೆಯಿಂದ ಹೊರಡುವಾಗಲೇ ತಿಳಿದಿರುತ್ತದೆ: ನೂರು ಮೀಟರಿನಿಂದ ಮೃಗ ಚೌಕಟ್ಟಿನ ಆರು-ಏಳರಲ್ಲಿ ಒಂದು ಪಾಲು ಬರುತ್ತದೆ, ಅಷ್ಟರಲ್ಲಿ ಏನು ಚಿತ್ರ ಮಾಡಬಹುದು ಎಂದು ಯೋಚಿಸಬೇಕು. ಗೊತ್ತಿಲ್ಲದವನು 450ರ ಆಸೆಯಿಂದ ಹೋಗಿ, ಅಷ್ಟು ಬಾರದೆ, ಬೈಕನ್ನು ಹುಲ್ಲಿಗೆ ಇಳಿಸುತ್ತಾನೆ. ಮೃಗ ಓಡುತ್ತದೆ, ಇವನು ಅಟ್ಟುತ್ತಾನೆ, ಓಡುವ ಮೃಗದ ಚಿತ್ರ ಸಿಕ್ಕಿತು ಎಂದು ಸಂಭ್ರಮಿಸುತ್ತಾನೆ. ಬಸುರಿ ಹೆಣ್ಣು, ಹುಲ್ಲಿನಲ್ಲಿ ಅಡಗಿಸಿಟ್ಟ ಮರಿ ಇವೆಲ್ಲ ಆ ಅಟ್ಟಾಟದ ಲೆಕ್ಕದಲ್ಲಿ ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗ ಮೊದಲನೇ ಅನುಸೂಚಿಯ ಪ್ರಾಣಿ, ಮತ್ತು ಆ ಕಾಯ್ದೆ ‘ಬೇಟೆ’ ಎಂದು ಕರೆಯುವುದರಲ್ಲಿ ಪ್ರಾಣಿಯನ್ನು ಅಟ್ಟುವುದೂ ಸೇರಿದೆ. ಕ್ಯಾಮೆರಾ ಹಿಡಿದು ಅಟ್ಟಿದರೂ ಅಟ್ಟಿದ್ದೇ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಮೃಗ ಚೌಕಟ್ಟು ತುಂಬಿದರೆ ಮಾತ್ರ ಫೋಟೋ ಎಂಬ ಹಟವೇ ಸರಿಯಲ್ಲ. ಅಭಯಾರಣ್ಯದ ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟ ಕಥೆ, ಮೃಗಗಳು ಸುತ್ತಲಿನ ಹೊಲಗಳಿಗೆ ಇಳಿಯುವ ಕಥೆ, ಬೆಳೆ ಕಳೆದುಕೊಂಡ ರೈತರ ಕಥೆ ಇವು ಯಾವುವೂ 600 ಎಂಎಂನ ಮುಖಚಿತ್ರದಲ್ಲಿ ಬರುವುದಿಲ್ಲ. ಅವು 35ರಲ್ಲಿ, 50ರಲ್ಲಿ ಬರುತ್ತವೆ: ಹಿಂದೆ ನೀಲಗಿರಿ ಸಾಲು, ಮುಂದೆ ಗೋವಿನಜೋಳದ ಹೊಲ, ನಡುವೆ ಬೆರಳುಗುರಿನಷ್ಟು ಮೃಗ. ಕೈಯಲ್ಲಿರುವ ಲೆನ್ಸ್ ಏನು ಮಾಡಬಲ್ಲದು ಎಂದು ಅರಿತವನು ಇಂಥ ಚಿತ್ರವನ್ನು ಬೇಕೆಂದೇ ತೆಗೆಯುತ್ತಾನೆ.

‘ಮೊಬೈಲ್ ಎಲ್ಲಾ ನೋಡ್ಕೊಂತೈತಿ’ ಎನ್ನುವವರಿಗೂ ಅದೇ ಮೃಗವನ್ನು ಮುಂದಿಡುತ್ತೇನೆ. ಮೊಬೈಲಿನ ಮುಖ್ಯ ಲೆನ್ಸಿನ ನೋಟ ಸಾಮಾನ್ಯವಾಗಿ ಫುಲ್ ಫ್ರೇಮಿನ 24-26 ಎಂಎಂಗೆ ಸಮ. ನೂರು ಮೀಟರ್ ದೂರದ ಮೃಗ ಅದರಲ್ಲಿ ಚಿತ್ರದ ಅಗಲದ ನೂರನೇ ಒಂದು ಪಾಲೂ ಇರುವುದಿಲ್ಲ. ಚಿತ್ರ 4,000 ಪಿಕ್ಸೆಲ್ ಅಗಲ ಇದ್ದರೆ ಮೃಗಕ್ಕೆ ಸಿಗುವುದು ಮೂವತ್ತೈದು ಪಿಕ್ಸೆಲ್. ಅದನ್ನು ಬೆರಳಿನಿಂದ ಹಿಗ್ಗಿಸಿದಾಗ ಕಾಣುವ ಕೋಡಿನ ತಿರುವು, ಕಣ್ಣಿನ ಸುತ್ತಲ ಬಿಳುಪು ಬಹುಪಾಲು ಯಂತ್ರ ಊಹಿಸಿ ತುಂಬಿದ್ದು. 2020ರಲ್ಲಿ ಬಂದ ಸ್ಯಾಮ್‌ಸಂಗ್ ಎಸ್20 ಅಲ್ಟ್ರಾ ಫೋನಿನ ಬೆನ್ನಿನ ಮೇಲೆ 100ಎಕ್ಸ್ ಎಂದೇ ಅಚ್ಚಾಗಿತ್ತು. ಅದರ ದೂರದ ಲೆನ್ಸಿನ ನೋಟ ಮುಖ್ಯ ಲೆನ್ಸಿಗಿಂತ ಸುಮಾರು ನಾಲ್ಕು ಪಟ್ಟು ಹತ್ತಿರ. ಉಳಿದದ್ದು ಕತ್ತರಿಸಿ ಹಿಗ್ಗಿಸಿದ್ದು. ಬರೆದ ಅಂಕಿ ಗಾಜಿನದೋ, ಕತ್ತರಿಯದೋ ಎಂದು ಕೇಳಲು ಬಾರದಿದ್ದರೆ ಎಕ್ಸ್ ಹೆಚ್ಚಾದಂತೆ ಬೆಲೆ ಹೆಚ್ಚು ಕೊಡುತ್ತಲೇ ಇರುತ್ತೇವೆ.

ಮುಖದ ಫೋಟೋದ ಬಗ್ಗೆಯೂ ಇಂಥದೇ ತಪ್ಪು ತಿಳಿವಳಿಕೆ ಇದೆ. ಮೊಬೈಲಿನಲ್ಲಿ ಮೂಗು ದಪ್ಪ ಬರುತ್ತದೆ, ‘ಲೆನ್ಸ್ ಸರಿ ಇಲ್ಲ’ ಎನ್ನುತ್ತಾರೆ. ತಪ್ಪು ಲೆನ್ಸಿನದಲ್ಲ, ನಿಂತ ದೂರದ್ದು. ಮೂಗಿನ ತುದಿಯಿಂದ ನಲವತ್ತು ಸೆಂಟಿಮೀಟರ್ ದೂರದಲ್ಲಿ ಕ್ಯಾಮೆರಾ ಇದ್ದು, ಕಿವಿ ಇನ್ನೂ ಹತ್ತು ಸೆಂಟಿಮೀಟರ್ ಹಿಂದಿದ್ದರೆ ಮೂಗಿನ ಅಳತೆಗೆ ಹೋಲಿಸಿ ಕಿವಿ ಐದನೇ ಒಂದು ಪಾಲು ಕುಗ್ಗಿ ಕಾಣುತ್ತದೆ. ಎರಡು ಮೀಟರಿನಿಂದ ತೆಗೆದರೆ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. 85 ಎಂಎಂ ಲೆನ್ಸ್ ಮುಖಕ್ಕೆ ಒಳ್ಳೆಯದು ಎನ್ನುವುದು ಅದು ನಮ್ಮನ್ನು ಹಿಂದೆ ಸರಿಸಿ ನಿಲ್ಲಿಸುತ್ತದೆ ಎಂಬ ಕಾರಣಕ್ಕೆ.

ಕಣ್ಣೂ ಅಳತೆಯೂ ಜೊತೆಯಾಗಿ ನಡೆಯುವುದನ್ನು ಕಾಣಬೇಕಾದರೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಸಂತೆಯ ದಿನ ನೋಡಿ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಾಯಿ ಅದು. ಖರೀದಿದಾರ ಕೈಯಲ್ಲಿ ಹಿಡಿದು ಮುರಿದು ನೋಡುತ್ತಾನೆ, ತೇವ ನೋಡುತ್ತಾನೆ, ಕಡ್ಡಿ ತಳಿಯೋ ಡಬ್ಬಿ ತಳಿಯೋ ಎಂದು ನೋಡುತ್ತಾನೆ. ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುವ ಮಾಲಾದರೆ ಕಣ್ಣಿಗೆ ಕಂಡ ಕೆಂಪು ಸಾಲದು, ಪ್ರಯೋಗಾಲಯದಲ್ಲಿ ಬಣ್ಣದ ಆಸ್ಟಾ ಅಳತೆ ಹಾಕಿಸುತ್ತಾನೆ. ತಲೆಮಾರುಗಳಿಂದ ಕಾಯಿ ನೋಡಿದ ಕಣ್ಣು ಅವನದು, ಆದರೂ ಅಳತೆಯನ್ನು ಅವನು ತಳ್ಳಿಹಾಕುವುದಿಲ್ಲ. ಕಣ್ಣು ಮತ್ತು ಅಂಕಿ ಒಂದಕ್ಕೊಂದು ಶತ್ರು ಎಂಬ ಮಾತು ಅಲ್ಲಿ ನಡೆಯುವುದಿಲ್ಲ, ಕ್ಯಾಮೆರಾದವರಲ್ಲಿ ಮಾತ್ರ ಹೇಗೆ ನಡೆಯುತ್ತದೆ?

ಅದೇ ಕಾಯಿಯ ಸುಕ್ಕು ತೋರಿಸುವ ಫೋಟೋವನ್ನು ದೂರದ ವ್ಯಾಪಾರಿಗೆ ವಾಟ್ಸ್ಆ್ಯಪಿನಲ್ಲಿ ಕಳಿಸುವವರಿಗೆ ಒಂದು ಮಾತು. ಲೆನ್ಸಿನ ಮೇಲೆ 0.25 ಮೀ. ಎಂದು ಬರೆದಿದ್ದರೆ ಅದಕ್ಕಿಂತ ಹತ್ತಿರ ಹೋದಾಗ ಫೋಕಸ್ ಆಗುವುದಿಲ್ಲ. ಆ ಕಾಲು ಮೀಟರನ್ನು ಅಳೆಯಬೇಕಾದದ್ದು ಲೆನ್ಸಿನ ಮೂತಿಯಿಂದಲ್ಲ. ಕ್ಯಾಮೆರಾದ ಮೈಮೇಲೆ, ನಡುವೆ ಗೆರೆ ಎಳೆದ ಸಣ್ಣ ವೃತ್ತವೊಂದು ಇರುತ್ತದೆ. ಸೆನ್ಸರ್ ಇರುವ ಜಾಗದ ಗುರುತು ಅದು, ಅಳತೆ ಅಲ್ಲಿಂದ. ಈ ಗುರುತನ್ನು ಸಾವಿರ ಸಲ ಕಂಡಿದ್ದರೂ ಯಾಕಿದೆ ಎಂದು ಕೇಳದೇ ಇರುವವರು ನಮ್ಮಲ್ಲಿ ಕಡಿಮೆ ಇಲ್ಲ.

ಎದುರು ವಾದದಲ್ಲಿ ಗಟ್ಟಿಯಾದದ್ದೂ ಒಂದಿದೆ, ಅದನ್ನು ಬಿಟ್ಟು ಮುಂದೆ ಹೋಗಲಾರೆ. ಲೆನ್ಸಿನ ಜ್ಞಾನ ಎಲ್ಲಾ ಇದ್ದೂ ಜೀವವಿಲ್ಲದ ಫೋಟೋ ತೆಗೆಯುವವರಿದ್ದಾರೆ, ಏನೂ ಗೊತ್ತಿಲ್ಲದೆ ಒಮ್ಮೊಮ್ಮೆ ಅದ್ಭುತ ತೆಗೆಯುವವರಿದ್ದಾರೆ. ಒಪ್ಪುತ್ತೇನೆ. ಆದರೆ ಒಮ್ಮೊಮ್ಮೆ ಬರುವುದು ಬೇರೆ, ಬೇಕೆಂದಾಗ ತರುವುದು ಬೇರೆ. ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ತಲೆಮಾರು ಫಿಲ್ಮಿನ ಕಾಲದ್ದು. ಹೊಡೆದದ್ದನ್ನು ಅಲ್ಲೇ ನೋಡಲು ಹಿಂದೆ ಪರದೆ ಇರಲಿಲ್ಲ, ರೋಲಿನಲ್ಲಿ ಮೂವತ್ತಾರು ಚಿತ್ರ ಮುಗಿದರೆ ಮುಗಿಯಿತು. ದೂರ, ಕಿಂಡಿ, ಶಟರ್ ಮೂರನ್ನೂ ಮೊದಲೇ ಲೆಕ್ಕ ಹಾಕದೆ ಆ ಕಾಲದಲ್ಲಿ ಹಕ್ಕಿಯ ಗೂಡಿನ ಮುಂದೆ ಕೂರಲಾಗುತ್ತಿರಲಿಲ್ಲ. ಅವರನ್ನು ‘ಬರೀ ಕಣ್ಣಿನವರು’ ಎಂದು ಹೊಗಳುವುದು ಅವರ ಶ್ರಮಕ್ಕೆ ಮಾಡುವ ಅಪಚಾರ.

ಆ ಕಾಲದ ಲೆನ್ಸುಗಳ ಮೈಮೇಲೆ ಇನ್ನೂ ಒಂದು ಬರಹ ಇರುತ್ತಿತ್ತು. ದೂರದ ಅಂಕಿಗಳ ಕೆಳಗೆ, ನಡುಗೆರೆಯ ಎರಡೂ ಪಕ್ಕದಲ್ಲಿ 4, 8, 16 ಎಂದು ಜೋಡಿ ಗೆರೆಗಳು. 28 ಎಂಎಂ ಲೆನ್ಸಿನ ಕಿಂಡಿಯನ್ನು 8ಕ್ಕೆ ಇಟ್ಟು, ಬಲಗಡೆಯ 8ರ ಗೆರೆಗೆ ಅನಂತದ ಗುರುತು ಬರುವಂತೆ ಬಳೆ ತಿರುಗಿಸಿದರೆ ಫೋಕಸ್ ಸುಮಾರು 3.3 ಮೀಟರಿಗೆ ನಿಲ್ಲುತ್ತದೆ, 1.6 ಮೀಟರಿನಿಂದ ಆಚೆ ಎಲ್ಲವೂ ಸ್ಪಷ್ಟ. ತುಂಗಭದ್ರೆಯ ದಂಡೆಯ ಚೌಡದಾನಪುರದ ಮುಕ್ತೇಶ್ವರ ಗುಡಿಗೆ ಇಂಥ ಲೆನ್ಸ್ ಒಯ್ದವನು ಹತ್ತಿರದ ಶಾಸನಗಲ್ಲಿನ ಅಕ್ಷರವನ್ನೂ ಹಿಂದಿನ ಶಿಖರವನ್ನೂ ಒಂದೇ ಚಿತ್ರದಲ್ಲಿ ಚೊಕ್ಕಟವಾಗಿ ತರಬಲ್ಲ, ಫೋಕಸ್ಸಿಗೆ ಯಂತ್ರವನ್ನು ಕಾಯಬೇಕಿಲ್ಲ. ಈಗಿನ ಅಗ್ಗದ ಲೆನ್ಸುಗಳಲ್ಲಿ ಆ ಗೆರೆಗಳು ಮಾಯವಾಗಿವೆ, ಹಲವದರಲ್ಲಿ ದೂರದ ಅಂಕಿಯೇ ಇಲ್ಲ. ಓದುವವರು ಕಡಿಮೆಯಾದಂತೆ ಬರೆಯುವುದೂ ಕಡಿಮೆಯಾಗುತ್ತದೆ ಎಂಬುದು ನನ್ನ ಬಲವಾದ ಅನುಮಾನ.

ಕೊನೆಗೆ ಉಳಿಯುವುದು, ‘ಅದೆಲ್ಲಾ ಇಂಗ್ಲಿಷಿನಾಗ ಐತ್ರಿ, ನಮ್ಮ ಹುಡುಗ್ರಿಗೆ ತಿಳಿಯೂದಿಲ್ಲ’ ಎಂಬ ಮಾತು. ಇದನ್ನು ಕೇಳಿದಾಗ ನನಗೆ ಅತಿ ಹೆಚ್ಚು ನೋವಾಗುತ್ತದೆ. ಕನ್ನಡ ಮಾಧ್ಯಮದ ಹತ್ತನೇ ತರಗತಿಯಲ್ಲಿ ಪೀನ ಮಸೂರ, ಅದರ ಸಂಗಮದೂರ, ಮಸೂರದ ಸೂತ್ರ ಎಲ್ಲವನ್ನೂ ನಮ್ಮ ಹುಡುಗರು ಓದಿಯೇ ಬಂದಿದ್ದಾರೆ, ಪರೀಕ್ಷೆಯಲ್ಲಿ ಲೆಕ್ಕ ಬಿಡಿಸಿಯೂ ಇದ್ದಾರೆ. ಬಳೆಯ ಮೇಲಿನದು ಅಂಕಿ, ಅದನ್ನು ಓದಲು ಇಂಗ್ಲಿಷ್ ಬೇಡ. ಶಾಲೆಯಲ್ಲಿ ಕಲಿತ ಮಸೂರವೂ ತಾನು ದಿನಾ ಒರೆಸುವ ಗಾಜೂ ಒಂದೇ ಎಂದು ಅವನಿಗೆ ಯಾರೂ ತೋರಿಸಲಿಲ್ಲ, ಅಷ್ಟೇ. ತೋರಿಸಬೇಕಾದವರು ಕೆಲಸ ಕಲಿಸುವ ಸ್ಟುಡಿಯೋದವರು. ಲೈಟ್ ಹಿಡಿಯಲು, ಬ್ಯಾಗ್ ಹೊರಲು ಎರಡು ವರ್ಷ ಇಟ್ಟುಕೊಂಡ ಹುಡುಗನಿಗೆ ಒಂದು ಮಧ್ಯಾಹ್ನ ಲೆನ್ಸ್ ಕೈಗೆ ಕೊಟ್ಟು ಈ ಅಂಕಿಗಳನ್ನು ಓದಿಸಲು ಏನೂ ಖರ್ಚಿಲ್ಲ. ಅವನು ಕಲಿತರೆ ನಾಳೆ ಎದುರಿಗೇ ಸ್ಟುಡಿಯೋ ಹಾಕುತ್ತಾನೆಂಬ ಭಯವನ್ನು ‘ಕಣ್ಣು’ ಎಂಬ ಮಾತಿನಲ್ಲಿ ಮುಚ್ಚಿಡುವುದು ಕಲಿಸುವವರಿಗೆ ಶೋಭೆಯಲ್ಲ.

ಅವರು ತಾವಾಗಿ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಈ ಸಲ ಮನೆಯಲ್ಲಿ ಮದುವೆ ಇರುವವರು ಫೋಟೋದವರನ್ನು ಗೊತ್ತು ಮಾಡುವಾಗ ಡ್ರೋನಿನ ಮಾತು ಬದಿಗಿಟ್ಟು, ‘ಅಕ್ಕಿಕಾಳು ಬೀಳೂವಾಗ ಯಾವ ಲೆನ್ಸ್ ಹಾಕ್ತೀರಿ, ಅದರ ಮ್ಯಾಗ ಎಷ್ಟಂತ ಬರದೈತಿ?’ ಎಂದು ಕೇಳಲಿ. ನೆಟ್ಟಗೆ ಉತ್ತರ ಬಾರದಿದ್ದರೆ ಮುಂಗಡ ಕೊಡಬೇಡಿ.